ಒಂದು ಗೇಣು ಮುಂದೆ

ಲಿಫ್ಟ್ ಬಂದು ನಿಂತಾಗ ಅದರ ನೆಲವೂ ಮಹಡಿಯ ನೆಲವೂ ಒಂದೇ ಮಟ್ಟದಲ್ಲಿರಬೇಕು. ಬೆರಳಿನಷ್ಟು ಹೆಚ್ಚುಕಡಿಮೆಯಾದರೂ ಯಾರೋ ಎಡವುತ್ತಾರೆ, ದೂರು ಬರುತ್ತದೆ. ಆ ಬೆರಳಷ್ಟು ವ್ಯತ್ಯಾಸವನ್ನು ಸರಿಪಡಿಸುವುದರಲ್ಲೇ ಅರ್ಧ ಆಯುಷ್ಯ ಕಳೆದ ಮೆಕ್ಯಾನಿಕ್‌ಗೆ ಜೊತೆಗಾರರು ಇಟ್ಟ ಹೆಸರು ಲೆವೆಲ್. ಈಚೆಗೆ ಆ ಹೆಸರು ಅವನಿಗೆ ಅಣಕದಂತೆ ಕೇಳಿಸುತ್ತಿತ್ತು. ಕಾರಣ ಕರಾಟೆ.

ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ವ್ಯಾಯಾಮಕ್ಕೆ ಸೇರಿದವನು ಬಿಡದೆ ಕಂದು ಬೆಲ್ಟ್‌ವರೆಗೆ ಬಂದಿದ್ದ. ಕಪ್ಪು ಬೆಲ್ಟ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ. ಅವನ ಹೊಡೆತ, ಒದೆತಗಳಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಕಟಾದಲ್ಲಿ. ಕಟಾ ಎಂದರೆ ಇಲ್ಲದ ಎದುರಾಳಿಯನ್ನು ಇದ್ದಾನೆಂದೇ ತಿಳಿದು ಗೊತ್ತಾದ ಕ್ರಮದಲ್ಲಿ ಮಾಡುವ ವರಸೆ. ಎಲ್ಲಿಂದ ಹೊರಟರೋ ಅಲ್ಲಿಗೇ ಮರಳಿ ನಿಲ್ಲಬೇಕು. ಅವನು ಪ್ರತಿ ಸಲವೂ ಹೊರಟ ಜಾಗಕ್ಕಿಂತ ಒಂದು ಗೇಣು ಮುಂದೆ ನಿಲ್ಲುತ್ತಿದ್ದ.

ಕಲಿಸುವಾಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಜಪಾನಿ ರೂಢಿಯಂತೆ ಸೆನ್ಸೈ ಎನ್ನಬೇಕು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವಳು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿ, ಕೈಕಟ್ಟಿ ನಿಂತು, ಕೊನೆಗೆ ಅವನ ಹಿಮ್ಮಡಿಯನ್ನೊಮ್ಮೆ, ಗೀಟನ್ನೊಮ್ಮೆ ನೋಡುತ್ತಿದ್ದಳು. ಬೈದಿದ್ದರೆ ವಾಸಿ ಅನ್ನಿಸುತ್ತಿತ್ತು ಅವನಿಗೆ.

ಮೂರನೆಯ ಪರೀಕ್ಷೆ ಹತ್ತಿರ ಬಂದಾಗ ಅವನು ಒಂದು ಉಪಾಯ ಹೂಡಿದ. ಕೊನೆಯ ಹೆಜ್ಜೆಯನ್ನು ಎಳೆದು ಹಿಗ್ಗಿಸಿ ಗೀಟಿನ ಮೇಲೇ ಬಂದು ನಿಂತ.

"ಯಾಕಪ್ಪಾ ಹಂಗೆ ಹಾರಿದೆ? ಬಸ್ಸು ಬಿಟ್ಟುಹೋಗ್ತಿತ್ತಾ?" ಎಂದಳು ಮೇಡಂ.

"ಗೀಟು ಸಿಗ್ಲಿ ಅಂತ, ಮೇಡಂ."

"ತಪ್ಪು ಕೊನೇಲಿ ಕಾಣ್ಸುತ್ತೆ ಅಂದ್ರೆ ಕೊನೇಲೇ ಆಗಿದೆ ಅಂತಲ್ಲ. ಎಲ್ಲಿ ಆಗಿದೆಯೋ ಹುಡುಕು."

"ನಿಮಗೆ ಗೊತ್ತಿದ್ರೆ ಹೇಳ್ಬಿಡಬಾರ್ದಾ?"

"ಕಾಲು ನಿಂದಲ್ವಾ? ಈ ಸಲವೂ ಹೀಗೇ ಆದ್ರೆ ಮುಂದಿನ ವರ್ಷದವರೆಗೆ ಪರೀಕ್ಷೆಗೆ ನಿನ್ನ ಹೆಸರು ಕಳ್ಸಲ್ಲ, ನೋಡು."

ಅವನಿಗೆ ಮೈ ಉರಿದುಹೋಯಿತು. ಲಿಫ್ಟಿನ ಹಗ್ಗದಲ್ಲಿ ದೋಷ ಇಟ್ಟುಕೊಂಡು ಬ್ರೇಕ್ ಬಿಗಿಯಬೇಡಿ ಎಂದು ಕೆಲಸದಲ್ಲಿ ಎಲ್ಲರ ತಲೆ ತಿನ್ನುವವನು ತಾನೇ. ಅದನ್ನೇ ಈಗ ತಾನು ಹೇಳಿಸಿಕೊಳ್ಳಬೇಕಾಗಿ ಬಂತಲ್ಲ.

ಅಂದಿನಿಂದ ಮನೆಯಲ್ಲಿ ಅಭ್ಯಾಸ ಇಮ್ಮಡಿಯಾಯಿತು. ಅಭ್ಯಾಸದ ಜಾಗವೆಂದರೆ ಅಡುಗೆಮನೆಯ ಬಾಗಿಲಿನಿಂದ ಬೀದಿ ಬಾಗಿಲಿನವರೆಗಿನ ನಡುಮನೆ. ಪಕ್ಕದ ಕಿಟಕಿಯ ಕೆಳಗೆ ಹೆಂಡತಿಯ ಹೊಲಿಗೆ ಮಷೀನು. ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಅವನು ಹೂಂಕರಿಸಿದಾಗೆಲ್ಲ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು.

"ಯಾರ ಮೇಲ್ರೀ ಇಷ್ಟು ಸಿಟ್ಟು?" ಎನ್ನುತ್ತಿದ್ದಳು. "ಆ ಗೋಡೆ ನಿಮಗೇನು ಮಾಡಿದೆ?"

"ಸುಮ್ನಿರು. ಮತ್ತೆ ಮೊದಲಿಂದ ಮಾಡ್ಬೇಕು ಈಗ."

"ಮಾಡಿ. ನಾನೂ ಈ ಕಾಲರ್ ಬಿಚ್ಚಿ ಮೊದಲಿಂದ ಮಾಡ್ತೀನಿ."

ಒಂದು ಸಂಜೆ ಅವನು ಮನೆಯ ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಕ್ಲಾಸಿಗೆ ಹೋಗಿಬಿಟ್ಟ. ಬೀಗ ಹಾಕಿದ ಬಾಗಿಲ ಮುಂದೆ ಉಳಿದ ಹೆಂಡತಿ ಸಿಡಿಮಿಡಿಗೊಳ್ಳುತ್ತಲೇ ಅಲ್ಲಿಗೆ ಬಂದಳು. ಅವನು ಕಟಾದ ನಡುವೆ ಇದ್ದ. ಬೆಂಚಿನ ಮೇಲೆ ಕೂತು ನೋಡಿದಳು. ಅಷ್ಟು ದೊಡ್ಡ ಖಾಲಿ ಹಾಲ್‌ನಲ್ಲಿ, ವಾಪಸು ಬರುವ ದಾರಿಯಲ್ಲಿ, ಗಂಡನ ಬಲಗಾಲು ಚಾಚಲು ಹೋಗಿ, ಏನೋ ತಗುಲೀತು ಎಂಬಂತೆ ಹಿಂದೆಗೆದು ಗಿಡ್ಡದಾಗಿ ಊರಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ನಗೋಂಥದ್ದು ಏನಾಯ್ತಮ್ಮಾ?" ಎಂದು ಕೇಳಿದಳು ಮೇಡಂ.

"ಅಲ್ಲಿ ನನ್ನ ಮಷೀನಿಲ್ವಲ್ಲ ಮೇಡಂ. ಯಾಕೆ ತಪ್ಪಿಸ್ಕೊಂಡು ಬರ್ತಾರೆ?"

ಅವನು ನಿಂತಲ್ಲೇ ನಿಂತ. ಮಷೀನಿನ ಕಬ್ಬಿಣದ ಕಾಲಿಗೆ ಹೆಬ್ಬೆರಳು ಬಡಿದು ರಕ್ತ ಬಂದದ್ದು ಯಾವ ಕಾಲದ ಮಾತು! ಅಂದಿನಿಂದ ಆ ಹೆಜ್ಜೆಯಲ್ಲಿ ಒಂದು ಗೇಣು ಕದಿಯುತ್ತಲೇ ಬಂದಿದ್ದ. ಅವನು ಮರೆತಿದ್ದರೂ ಕಾಲು ಮರೆತಿರಲಿಲ್ಲ.

"ಅಂತೂ ನಿನ್ನ ಎದುರಾಳಿ ಸಿಕ್ಕಿದ," ಎಂದಳು ಮೇಡಂ. ಮುಖದಲ್ಲಿ ನಗುವಿರಲಿಲ್ಲ.

ಮಷೀನನ್ನು ಅಡುಗೆಮನೆಗೆ ಸಾಗಿಸುವ ಮಾತಿಗೆ ಹೆಂಡತಿ ಸುಲಭಕ್ಕೆ ಒಪ್ಪಲಿಲ್ಲ. ಅಲ್ಲಿ ಬೆಳಕಿಲ್ಲ, ಎಣ್ಣೆಯ ಕೈ ಬಟ್ಟೆಗೆ ತಗಲುತ್ತದೆ, ಗಿರಾಕಿಗಳಿಗೆ ಯಾರು ಉತ್ತರ ಹೇಳುವುದು? ಕೊನೆಗೆ ಕರಾರು ಹಾಕಿದಳು. "ಪರೀಕ್ಷೆ ಮುಗಿಯೋವರೆಗೆ ಮಾತ್ರ. ಪಾಸಾಗಿ, ಫೇಲಾಗಿ, ಮಾರನೇ ದಿನ ಅದು ಕಿಟಕಿ ಹತ್ರಾನೇ ಇರ್ಬೇಕು."

ಮಷೀನು ಹೋದರೂ ಕಾಲು ಮಾತು ಕೇಳಲಿಲ್ಲ. ಬರಿಯ ನೆಲದ ಮೇಲೂ ಅದು ಕುಗ್ಗುತ್ತಿತ್ತು. ಚಾಚು ಎಂದು ಗದರಿಕೊಂಡರೆ ತೀರಾ ಚಾಚಿ ತೂಕ ತಪ್ಪುತ್ತಿತ್ತು. ಅಡುಗೆಮನೆಯ ಕತ್ತಲಲ್ಲಿ ಹೆಂಡತಿ ಸೂಜಿಗೆ ದಾರ ಪೋಣಿಸಲಾಗದೆ ಗೊಣಗುತ್ತಿದ್ದಳು. ನಡುಮನೆಯಲ್ಲಿ ಅವನು ತನ್ನ ಕಾಲಿಗೇ ಬೈಯುತ್ತಿದ್ದ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ಹಿಂದೆ ಕೂತಿದ್ದರು. ಮೇಡಂ ಗೀಟು ಎಳೆದು ಪಕ್ಕಕ್ಕೆ ಸರಿದಳು. ಆ ಹೆಜ್ಜೆ ಬಂದಾಗ ಹೆಬ್ಬೆರಳು ತಾನಾಗಿ ಬಿಗಿಯಿತು. ಬಡಿದರೆ ಬಡಿಯಲಿ ಎಂದುಕೊಂಡು ಅವನು ಕಾಲನ್ನು ಪೂರ್ತಿ ಇಟ್ಟ. ಏನೂ ಬಡಿಯಲಿಲ್ಲ. ಕೊನೆಯ ಹೆಜ್ಜೆಯನ್ನು ಹಿಗ್ಗಿಸುವ ಹಳೆಯ ಚಪಲ ಬಂತು, ಅದನ್ನೂ ನುಂಗಿಕೊಂಡ. ಬಾಗಿ ವಂದಿಸುವಾಗ ಕಣ್ಣಿಗೆ ಬಿತ್ತು: ಹಿಮ್ಮಡಿ ಗೀಟಿನ ಮೇಲಿತ್ತು.

ಬೆಲ್ಟ್ ಕೊಡುವಾಗ ಮೇಡಂ ಎಂದಳು: "ನಾಳೆಯಿಂದ ಹೊಸ ಕಟಾ. ಅದ್ರಲ್ಲಿ ಪಕ್ಕಕ್ಕೇ ಜಾಸ್ತಿ ಹೋಗ್ಬೇಕು. ಜಾಗ ಬೇಕಾಗುತ್ತೆ."

ಮಾರನೆಯ ಬೆಳಿಗ್ಗೆ ಮಷೀನು ಕಿಟಕಿಯ ಕೆಳಗೆ ಬಂದು ಕೂತಿತು. ಅವನು ಪಕ್ಕಕ್ಕೆ ಮೊದಲ ಹೆಜ್ಜೆ ಇಟ್ಟು, ಬೀರುವಿಗೆ ಮೊಣಕೈ ತಗುಲಿಸಿಕೊಂಡು, ಹಲ್ಲು ಕಚ್ಚಿ ನಿಂತ.

ಹೆಂಡತಿ ತಲೆಯೆತ್ತದೆ ಕೇಳಿದಳು: "ಬೀರುನ ಎಲ್ಲಿಗೆ ಸಾಗಿಸ್ಬೇಕ್ರೀ? ಬಚ್ಚಲಿಗಾ?"