ಏಳೂವರೆ ಬಸ್ಸು ಯಾರು ಸೇರಿಸಿದ್ದು?

ಹೊಸ ಲ್ಯಾಪ್‌ಟಾಪ್ ತಂದು, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ದಾಟಿಸುತ್ತ ಕುಳಿತಿದ್ದೆ. ನಡುವೆ ‘ಬಸ್ ವೇಳೆ’ ಎಂಬ ಫೋಲ್ಡರ್ ಕಂಡಿತು. ತೆರೆಯಲು ಮನಸ್ಸಾಗದ ಫೋಲ್ಡರ್ ನಿಮ್ಮಲ್ಲೂ ಒಂದಿರಬಹುದು. ನಾನು ಇದನ್ನು ಮುಟ್ಟಿ ಮೂರು ವರ್ಷವಾಗಿತ್ತು. ಕಾರಣ ನಸೀಮಾ.

ನಾನು ಬೆಳಗೋಡಿನಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಇರುವ ನಿವೃತ್ತ ಶಿಕ್ಷಕಿ. ನಸೀಮಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳಪ್ಪನಿಗೆ ಸಕಲೇಶಪುರದಲ್ಲಿ ಎರಡು ಬಸ್ಸಿದ್ದವು. ನಮ್ಮ ಕಡೆಯ ಬಸ್ಸುಗಳ ವೇಳೆ ಫೋನಿನಲ್ಲಿ ಸಿಗುವಂತೆ ಒಂದು ಪುಟ ಮಾಡೋಣವೆಂದು ಹೊರಟವಳು ಅವಳೇ. ಪ್ರತಿ ಭಾನುವಾರ ಬಂದು, ಅಕ್ಕಿರೊಟ್ಟಿ ತಿಂದು, ಇಬ್ಬರು ಕೂಡಿ ಒಂದೇ ಪಟ್ಟಿ ತಿದ್ದಲು ಬೇಕಾದ ಗಿಟ್ ಎಂಬ ವಿದ್ಯೆಯನ್ನು ನನಗೆ ಕಲಿಸುತ್ತಿದ್ದಳು.

“ಜನ ನೋಡೋ ಪಟ್ಟಿ ‘ಮೇನ್’ ಅಂತ. ಅದನ್ನ ಸೀದಾ ಮುಟ್ಬೇಡಿ ಟೀಚರ್. ಖಾತ್ರಿ ಇಲ್ದಿರೋದನ್ನ ಪಕ್ಕದಲ್ಲಿ ಒಂದು ಬ್ರಾಂಚ್, ಅಂದ್ರೆ ಬೇರೆ ಪ್ರತಿ ಮಾಡಿ ಇಡಿ. ಇಬ್ರೂ ನೋಡಿ ಸರಿ ಅನ್ಸಿದ್ರೆ ಸೇರ್ಸೋಣ. ತಿದ್ದಿದ್ದನ್ನ ಉಳ್ಸಿ ಕಮಿಟ್ ಮಾಡಿದಾಗೆಲ್ಲ ಏನು ಬದಲಾಯ್ಸಿದ್ವಿ ಅಂತ ಒಂದು ಸಾಲು ಬರೀರಿ. ಅದೆಲ್ಲ ಹಿಸ್ಟರೀಲಿ ಉಳ್ಕೊಳ್ಳುತ್ತೆ.”

ನಾನು ತಲೆಯಾಡಿಸುತ್ತಿದ್ದೆ. ಅರ್ಥವಾಗದ ಮಕ್ಕಳು ನನ್ನ ತರಗತಿಯಲ್ಲಿ ಆಡಿಸುತ್ತಿದ್ದಂತೆಯೇ.

ಒಂದು ಮಳೆಗಾಲ, ಹಾಸನದ ಆಸ್ಪತ್ರೆಗೆ ಹೊರಟ ನೆರೆಮನೆಯ ಲಕ್ಷ್ಮಕ್ಕ ಪೂರ್ತಿ ನೆನೆದು ವಾಪಸು ಬಂದರು. “ಏಳೂವರೆ ಬಸ್ಸು ಐತೆ ಅಂತ ನಿಮ್ ಪುಟ ನೋಡ್ಕಂಡು ಹೋದೆ ಕಣ್ರೀ. ಒಂಬತ್ತರ ತಂಕ ನಿಂತಿದ್ದೆ. ಅಂಥ ಬಸ್ಸೇ ಇಲ್ವಂತೆ!”

ಆ ಭಾನುವಾರ ನಸೀಮಾ ಬಂದಾಗ ಲಕ್ಷ್ಮಕ್ಕನ ಎದುರೇ ಸಿಡುಕಿದೆ. “ಪೇಟೆಯಲ್ಲಿ ಕೂತು ಇಲ್ಲದ ಬಸ್ಸು ಬಿಡ್ತೀಯಾ?”

“ಒಂದ್ಸಲ ಹಿಸ್ಟರಿ ನೋಡಿ ಟೀಚರ್” ಎಂದಳು, ಅಷ್ಟೇ.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಇವಳೇನು ಹೇಳುವುದು ಎಂದು ಮುಖ ತಿರುಗಿಸಿದೆ. ನಗಬೇಡಿ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಮುಂದಿನ ಭಾನುವಾರ ಅವಳು ಬರಲಿಲ್ಲ. ಕೆಲವು ವಾರ ಗೇಟಿನ ಸದ್ದಿಗೆ ಎದ್ದು ನೋಡಿದೆ. ಆಮೇಲೆ ಅದನ್ನೂ ಬಿಟ್ಟೆ. ಹಾಸನದಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಬೇರೆಯವರಿಂದ ತಿಳಿಯಿತು.

ಈಗ, ಅವಳು ಕಲಿಸಿದ್ದಂತೆ, ಈಚೆಗೆ ಪಟ್ಟಿಯಲ್ಲಿ ಆಗಿದ್ದ ಬದಲಾವಣೆಗಳನ್ನೆಲ್ಲ ಇಳಿಸಿಕೊಂಡು ಹಿಸ್ಟರಿ ತೆರೆದೆ. ಸಾಲುಸಾಲಾಗಿ ಹೆಸರು, ದಿನ, ಮಾಡಿದ ಕೆಲಸ. ಏಳೂವರೆ ಬಸ್ಸನ್ನು ನಸೀಮಾ ‘ಕೇಳಿದ್ದು, ಖಾತ್ರಿಯಿಲ್ಲ’ ಎಂದು ಬರೆದು ಬೇರೆ ಬ್ರಾಂಚಿನಲ್ಲಿಟ್ಟಿದ್ದಳು. ಅದನ್ನು ಮೇನ್‌ಗೆ ಸೇರಿಸಿದ ಸಾಲಿನಲ್ಲಿದ್ದುದು ನನ್ನ ಹೆಸರು. ಅದರ ನಂತರದ ಸಾಲು ಅವಳದು, ನಾನು ಬೈದ ದಿನದ ಸಂಜೆಯದು: ‘ಬೆಳಗೋಡು ವೇಳೆ ಸರಿಪಡಿಸಿದೆ.’ ಯಾರ ತಪ್ಪೆಂದು ಬರೆದಿರಲಿಲ್ಲ.

ಫೋನ್ ಮಾಡಿದೆ. “ತಪ್ಪು ನಂದು ಕಣೇ.”

“ಗೊತ್ತಿತ್ತು ಟೀಚರ್.”

“ಅವತ್ತೇ ಹೇಳಬಾರದಾಗಿತ್ತಾ?”

“ಲಕ್ಷ್ಮಕ್ಕ ಎದುರಿಗಿದ್ರಲ್ಲ. ಆಮೇಲೆ ನೀವೇ ನೋಡ್ತೀರ ಅಂದ್ಕೊಂಡೆ. ಡ್ಯೂಟೀಲಿದೀನಿ, ಇಡ್ಲಾ?” ಎಂದಳು. ಭಾನುವಾರ ಬಾ ಎನ್ನದೆಯೇ ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಆರರಿಂದ ಬಸ್ ಸ್ಟಾಪಿನಲ್ಲಿ ನಿಂತು, ಬಂದ ಪ್ರತಿ ಬಸ್ಸಿನ ವೇಳೆ ಬರೆದುಕೊಂಡೆ. ಮನೆಗೆ ಬಂದು ಹೊಸ ಬ್ರಾಂಚ್ ಮಾಡಿ, ‘ನಾನೇ ನಿಂತು ನೋಡಿದ್ದು. ನಸೀಮಾ ನೋಡಿದ ಮೇಲೆ ಸೇರಿಸಬೇಕು’ ಎಂದು ಕಮಿಟ್ ಮಾಡಿ, ಅವಳಿಗೆ ಕಾಣುವಂತೆ ಕಳಿಸಿದೆ.

ನಾಲ್ಕು ದಿನವಾಯಿತು, ಅವಳಿನ್ನೂ ನೋಡಿದಂತಿಲ್ಲ. ನಾನೇ ಸೇರಿಸಬಹುದು, ಅದು ಹೇಗೆಂದು ಈಗ ಚೆನ್ನಾಗಿ ಗೊತ್ತು. ಸೇರಿಸಿಲ್ಲ.