ಕಿಟಕಿಗೆ ಬಾರದ ಚಂದ್ರ

ಸಂಕಷ್ಟಿಯ ದಿನ ನಮ್ಮ ಡೊಂಬಿವ್ಲಿಯ ಮನೆಯಲ್ಲಿ ಚಂದ್ರನನ್ನು ಮೊದಲು ಕಾಣುತ್ತಿದ್ದವರು ನನ್ನ ಗಂಡ. ಅವರ ಮಂಚ ಪೂರ್ವದ ಕಿಟಕಿಗೆ ತಾಗಿಕೊಂಡೇ ಇತ್ತು. ವಿಜಯಪುರದ ಕಡೆಯಿಂದ ಬಂದು ಭಿವಂಡಿಯ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದವರು. ಬಟ್ಟೆಯ ಬೇಲು ಬೆನ್ನ ಮೇಲೆ ಉರುಳಿದಾಗಿನಿಂದ ಸೊಂಟದ ಕೆಳಗೆ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವರು ಎದ್ದು ನಡೆಯಲಿ ಎಂದು ನಾನು ಹರಕೆ ಹೊತ್ತೆ. ತಿಂಗಳಿಗೊಮ್ಮೆ ಸಂಕಷ್ಟಿಯಂದು ಉಪವಾಸ, ಇಬ್ಬರೂ ಒಟ್ಟಿಗೆ ಚಂದ್ರನಿಗೆ ಕೈಮುಗಿದ ಮೇಲೆಯೇ ನನ್ನ ಊಟ.

ಕತ್ತಲಾಗುತ್ತಲೇ ಅವರು ಕಿಟಕಿಗೆ ಕಣ್ಣು ನೆಟ್ಟು ಮಲಗುತ್ತಿದ್ದರು. ಒಲೆಯ ಮುಂದೆ ನನ್ನ ತಲೆ ಗಿರ್ರೆನ್ನುತ್ತಿದ್ದರೂ ಬಾಯಿ ಮಾತ್ರ ಜೋರು. "ಇನ್ನೂ ಬಂದಿಲ್ಲೇನ್ರಿ ನಿಮ್ಮ ದೋಸ್ತ?" ಎಂದು ಕೇಳಿದರೆ, "ತಡಿಯವಾ, ಅವನೂ ಲೋಕಲ್ ಹಿಡದ ಬರಬೇಕಲ್ಲ" ಎನ್ನುತ್ತಿದ್ದರು. ಆಮೇಲೆ ಒಮ್ಮೆಲೇ "ಬಂದಾ, ಬಂದಾ! ಲಗೂ ಬಾ!" ಎಂಬ ಕೂಗು. ನಾನು ಉಣ್ಣುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. "ಏನ್ ಹಂಗ ನೋಡ್ತೀರಿ, ದೃಷ್ಟಿ ತಾಗ್ತದ" ಎಂದು ಗದರುತ್ತಿದ್ದೆ.

ಎದುರಿನ ಖಾಲಿ ಜಾಗದಲ್ಲಿ ಬಹುಮಹಡಿಯ ಟವರ್ ಎದ್ದಿತು. ಮಳೆಗಾಲ ಕಳೆದು ಬಂದ ಸಂಕಷ್ಟಿಗೆ ಕಿಟಕಿಯ ತುಂಬ ಬರೀ ಸಿಮೆಂಟು. ಟವರಿನ ನೆತ್ತಿ ದಾಟುವ ಹೊತ್ತಿಗೆ ಚಂದ್ರ ನಮ್ಮ ಕಿಟಕಿಯನ್ನೂ ಮೀರಿ ಮೇಲೆ ಹೋಗಿರುತ್ತಿದ್ದ. ಮಲಗಿದವರಿಗೆ ಹೇಗೆ ಕಾಣಬೇಕು? ಕಟ್ಟಿದವರನ್ನು ಬಾಯಿಗೆ ಬಂದಂತೆ ಬೈದೆ. ಶಾಲೆಯ ಪುಸ್ತಕ ಹಿಡಿದು ಕೂತಿದ್ದ ಮಗಳು ತಲೆಯೆತ್ತಿ, "ಆಯಿ, ಚಂದ್ರ ಪೃಥ್ವೀಚಾ ಸಗ್ಳ್ಯಾತ್ ಜವಳ್ಚಾ ಶೇಜಾರಿ" ಎಂದಳು. ಭೂಮಿಗೆ ಎಲ್ಲರಿಗಿಂತ ಹತ್ತಿರದ ನೆರೆಯವನಂತೆ. ಹತ್ತಿರವೆಂದರೆ ಎಷ್ಟೇ ಎಂದು ನಾನು ಕೇಳಿದರೆ ಮೂರೂಮುಕ್ಕಾಲು ಲಕ್ಷ ಕಿಲೋಮೀಟರಿಗೂ ಹೆಚ್ಚು. ಅದೂ ಸಾಲದೆಂದು ವರ್ಷವರ್ಷ ಎರಡು ಬೆರಳಿನಷ್ಟು ದೂರ ಸರಿಯುತ್ತಿದ್ದಾನಂತೆ. "ಸರೀಲಿ ಬಿಡ, ಎಲ್ಲಾರೂ ದೂರ ಸರದ ನಿಂತಾರ, ಅವಂದೇನ್ ಮಹಾ" ಎಂದೆ. ಅಳು ಬಂದಿತ್ತು, ಸಿಟ್ಟು ಮಾಡಿ ನುಂಗಿದೆ.

ನಮ್ಮದು ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗ್. ಚಂದ್ರನ ಮೇಲೆ ನಮ್ಮ ದೇಶದ ಗಾಡಿ ಇಳಿದ ದಿನ ಇಲ್ಲಿ ಎಲ್ಲರೂ ಪೇಡೆ ಹಂಚಿ ಕುಣಿದಿದ್ದರು. ಅಷ್ಟು ದೂರ ಹೋಗಿ ಮುಟ್ಟಿದರು, ನನ್ನ ಗಂಡನನ್ನು ಗೇಟಿಗೆ ಇಳಿಸುವುದೇ ದೊಡ್ಡ ಪಾಡು. ಕಿಟಕಿ ಮುಚ್ಚಿದ ಆ ಸಂಕಷ್ಟಿಗೆ ನಮ್ಮ ಮಹಡಿಯ ನಾಲ್ವರು ಗಂಡಸರು ಇವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಚಂದ್ರ ಕಾಣುವ ರಸ್ತೆಯ ತಿರುವಿನತನಕ ಹೊತ್ತರು. ಇಬ್ಬರೂ ಕೈಮುಗಿದೆವು. ಮುಂದಿನ ತಿಂಗಳು ಬಂದವರು ಇಬ್ಬರೇ. ಮೆಟ್ಟಿಲಲ್ಲಿ ಕುರ್ಚಿ ವಾಲಿ ಇವರ ಮೊಣಕಾಲು ಗೋಡೆಗೆ ತರಚಿ ರಕ್ತ ಬಂತು. ಇವರಿಗೆ ಗೊತ್ತೇ ಆಗಲಿಲ್ಲ, ನಾನು ನೋಡಿ ಹೇಳಬೇಕಾಯಿತು.

ಅದರ ಮುಂದಿನ ತಿಂಗಳು ಎದುರುಮನೆಯ ಬಾಗಿಲು ತಟ್ಟಿದೆ. "ಭಾಭಿ, ಹರ್ ಮಹೀನೆ ಕೈಸೆ ಜಮೇಗಾ?" ಎಂದು ಆ ಮನೆಯವನು ಮೆಲ್ಲಗೆ ಹೇಳಿದ. ದಿನಾ ಲೋಕಲ್‌ನಲ್ಲಿ ಜೋತಾಡಿ ಬರುವವನು, ತಿಂಗಳು ತಿಂಗಳೂ ಹೇಗಾಗುತ್ತೆ ಎಂದು ಕೇಳಿದರೆ ತಪ್ಪೇನು?

ಒಳಗೆ ಬಂದು, "ನಾ ಒಬ್ಬಾಕಿನ ಹೋಗಿ ನೋಡಿ ಬರ್ತೀನಿ. ನೀವು ಇಲ್ಲಿಂದನ ಕೈಮುಗೀರಿ" ಎಂದೆ.

"ಬ್ಯಾಡ. ಊಟ ಮಾಡು" ಎಂದರು.

"ಹರಕೀರಿ ಅದು! ನಿಮ್ಮ ಕಾಲಿಂದು!"

"ಕಾಲು ಬರೂದಿಲ್ಲ. ದವಾಖಾನಿಂದ ಬಿಡೂ ದಿನಾನ ಡಾಕ್ಟ್ರು ನನಗ ಹೇಳ್ಯಾರ. ನಿನ್ನ ಮುಂದ ಹೇಳಾಕ ಧೈರ್ಯ ಆಗಲಿಲ್ಲ."

"ಮತ್ತ ಇಷ್ಟ ದಿನ ಆ ಚಂದ್ರನ ದಾರಿ ಯಾಕ ಕಾದ್ರಿ?"

"ನೀ ಉಣ್ಣಲಿ ಅಂತ."

ತಾಟು ಹಾಕಿಕೊಂಡು ಅವರ ಪಕ್ಕದಲ್ಲೇ ಕೂತು ಉಂಡೆ. ಅವರು ಎಂದಿನಂತೆ ನನ್ನನ್ನೇ ನೋಡುತ್ತಿದ್ದರು.

ಮುಂದಿನ ಸಂಕಷ್ಟಿಯ ಬೆಳಿಗ್ಗೆ ಮಗಳ ಜೊತೆ ಕೂತು ಚಹಾ ಚಪಾತಿ ತಿಂದೆ. ಆಮೇಲೆ ಅವರ ಮಂಚವನ್ನು ಕಿಟಕಿಯಿಂದ ಈಚೆಗೆ ಎಳೆದು ಒಳಗಿನ ಗೋಡೆಗೆ ಹಚ್ಚಿದೆ.