ಹುಲ್ಲಿನ ಖಾಲಾ

ಮೊನ್ನೆ ಶ್ರೀನಿವಾಸಪುರದಿಂದ ನೆಂಟರೊಬ್ಬರು ಒಂದು ಬುಟ್ಟಿ ಮಾವಿನಹಣ್ಣು ಕಳಿಸಿದ್ದರು. ಮನೆಮಂದಿಯೆಲ್ಲ ಹಣ್ಣಿಗೆ ಮುಗಿಬಿದ್ದರು. ನಾನು ಹಣ್ಣಿನ ಕೆಳಗೆ ಹಾಸಿದ್ದ ಒಣಹುಲ್ಲನ್ನು ಒಂದು ಹಿಡಿ ತೆಗೆದು ಮೂಗಿಗೆ ಹಿಡಿದು ಕೂತೆ. ಬಿಸಿಲಿಗೆ ಕಾದು ಒಣಗಿದ ನಮ್ಮ ಸೀಮೆಯ ಹುಲ್ಲಿಗೆ ಒಂದು ವಾಸನೆಯಿದೆ, ಸ್ವಲ್ಪ ಸಿಹಿ, ಸ್ವಲ್ಪ ಧೂಳು. "ತಾತ ಹಣ್ಣು ಬಿಟ್ಟು ಹುಲ್ಲು ಮೂಸ್ತಾ ಕೂತಿದಾರೆ ನೋಡಿ" ಎಂದು ಮೊಮ್ಮಗಳು ನಕ್ಕಳು. ನಗಲಿ. ನನಗೆ ಟೇಕಲ್ ಸ್ಟೇಷನ್ನಿನಲ್ಲಿ ಹುಲ್ಲಿನ ಹೊರೆ ಪಕ್ಕಕ್ಕಿಟ್ಟುಕೊಂಡು ಮಾಲೂರಿನ ರೈಲಿಗೆ ಕಾಯುತ್ತಿದ್ದ ಖಾಲಾ ಕಣ್ಣ ಮುಂದೆ ಬಂದಿದ್ದಳು.

ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಕುದುರೆಗಳಿಗೆ ಅವಳ ಹುಲ್ಲು ಕೊಳ್ಳುತ್ತಿದ್ದ ಮಾಲೂರಿನ ಜಟಕಾದವರು ಹಾಗೆ ಕರೆಯುತ್ತಿದ್ದರು, ಟೇಕಲ್ಲಿನವರೂ ಅದನ್ನೇ ಹಿಡಿದರು. ಗಂಡ ಸತ್ತು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬೆಟ್ಟದ ಬುಡದಲ್ಲಿದ್ದ ಗೋಮಾಳದ ಕೆಳಭಾಗದ ಹುಲ್ಲು ಕೊಯ್ಯುವ ಹಕ್ಕು ಅವಳ ಅತ್ತೆಯ ಕಾಲದಿಂದಲೂ ಆ ಮನೆಯದು. ಅವಳ ಜೀವನ ನಡೆಯುತ್ತಿದ್ದುದು ಅದೊಂದರಿಂದಲೇ. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ತೆವಳುತ್ತಿದ್ದವು. ಜಟಕಾಗಳಿಗೆ ಒಳ್ಳೆಯ ಕಾಲ, ಹಾಗಾಗಿ ಖಾಲಾಳ ಹುಲ್ಲಿಗೂ.

ನಾನು ಟೇಕಲ್ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು. ಇಂಟರ್‌ಮೀಡಿಯೆಟ್‌ನಲ್ಲಿ ಸಸ್ಯಶಾಸ್ತ್ರ ಓದಿದ್ದೆ. ನೆಲ, ಮಳೆ, ಗಾಳಿಗೆ ತಕ್ಕಂತೆ ಗಿಡಗಳು ಹೇಗೆ ತಲೆತಲಾಂತರದಲ್ಲಿ ರೂಪುಗೊಳ್ಳುತ್ತವೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು. ಬರೆದಿದ್ದರ ಅರ್ಥ ನನಗೇ ಗೊತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಖಾಲಾಳ ಒಂದು ಪದ್ಧತಿ ಕಂಡರೆ ನನಗೆ ನಗು ಬರುತ್ತಿತ್ತು. ತೆನೆ ಒಣಗಿ ಬೀಜ ಉದುರುವವರೆಗೆ ಅವಳು ಕುಡುಗೋಲು ಮುಟ್ಟುತ್ತಿರಲಿಲ್ಲ. ಕೊಯ್ದ ಮೇಲೂ ಪ್ರತಿ ಕಟ್ಟನ್ನು ಬಂಡೆಗೆ ಎರಡು ಸಲ ಬಡಿದು, ಉದುರಿದ್ದನ್ನು ಗುಡಿಸಿ, ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಗೋಮಾಳಕ್ಕೇ ಚೆಲ್ಲಿ ಬರುತ್ತಿದ್ದಳು. "ಕಾಡುಹುಲ್ಲಿಗೂ ಬಿತ್ತನೆಯೇ ಖಾಲಾ?" ಎಂದು ರೇಗಿಸಿದರೆ, "ಅದು ನಂಗೆ ಕೊಡ್ತದೆ, ನಾನು ಅದಕ್ಕೆ ಕೊಡ್ತೀನಿ, ಅಷ್ಟೇ ಮೇಷ್ಟ್ರೇ" ಅನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಶಿವಮೊಗ್ಗದ ಕಡೆಯ ಸ್ನೇಹಿತನ ಊರಿಗೆ ಹೋಗಿದ್ದೆ. ಅಲ್ಲಿ ಬಣವೆಯಿಂದ ಎಳೆದ ಹುಲ್ಲು ನನ್ನ ಎದೆಮಟ್ಟ ಇತ್ತು. ತೆನೆ ನೋಡಿದರೆ ಟೇಕಲ್ಲಿನ ಹುಲ್ಲಿನದೇ ಜಾತಿ! ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು. ನಮ್ಮದು ಮೊಣಕಾಲು ಮುಟ್ಟುವುದೂ ಕಷ್ಟ. ಎರಡು ಮೂಟೆ ಬೀಜ ತಂದೇಬಿಟ್ಟೆ. ಪಟೇಲರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಓದಿದವರ ಮಾತಿಗೆ ಆಗ ಅಷ್ಟು ಬೆಲೆಯಿತ್ತು. ಉಳಿದದ್ದು ಖಾಲಾ.

ಅವಳು ಬೀಜವನ್ನು ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದಳು.

"ಜಾತಿ ನಮ್ದೇ, ಸರಿ. ಆದ್ರೆ ಇದು ಬೆಳೆದಿರೋದು ಬೇರೆ ಮಳೇಲಿ. ನಮ್ ಹುಲ್ಲು ಗಿಡ್ಡ ಮೇಷ್ಟ್ರೇ, ಆದ್ರೆ ಹುಷಾರು. ಒಂದೇ ತೆನೆ ಬೀಜ ಎಲ್ಲಾ ಒಟ್ಟಿಗೆ ಏಳಲ್ಲ. ರೋಹಿಣಿ ಮಳೆಗೆ ಒಂದಷ್ಟು ಏಳ್ತವೆ, ಒಂದಷ್ಟು ಮಲಗಿರ್ತವೆ. ಎದ್ದಿದ್ದು ಒಣಗೋದ್ರೆ ಮಲಗಿದ್ದು ಏಳ್ತದೆ. ಮೊದಲ್ನೇ ಮಳೆ ನಂಬ್ಕೊಂಡು ಪೂರ್ತಿ ಎದ್ದಿದ್ ಬೀಜದ ವಂಶಾನೇ ಇಲ್ಲಿ ಉಳಿದಿಲ್ಲ, ನಮ್ಮತ್ತೆ ಅತ್ತೆ ಕಾಲಕ್ಕೂ ಮುಂಚೇನೇ ಹೋಯ್ತು."

ನಾನು ಪರೀಕ್ಷೆಯಲ್ಲಿ ಬರೆದ ಪಾಠ ಅದೇ. ಅವಳ ಬಾಯಲ್ಲಿ ಕೇಳಿದಾಗ ಗುರುತೇ ಸಿಗಲಿಲ್ಲ. "ಒಂದು ವರ್ಷ ನೋಡೋಣ ಖಾಲಾ, ಹೊರೆ ಎರಡರಷ್ಟು ಆಗುತ್ತೆ" ಎಂದೆ. ಅವಳು ಗೋಮಾಳದ ಕಡೆ ಒಮ್ಮೆ ನೋಡಿ, "ಓದಿದೋರು ನೀವು" ಎಂದಳು. ಅದನ್ನು ಒಪ್ಪಿಗೆ ಎಂದುಕೊಂಡೆ.

ಪಟೇಲರ ಎತ್ತುಗಳಿಂದ ಆ ಇಳಿಜಾರನ್ನು ಎರಡು ಸಲ ಆಳವಾಗಿ ಉಳುಮೆ ಮಾಡಿಸಿ ಹಳೆಯ ಬೀಜವನ್ನೆಲ್ಲ ಮಣ್ಣಿನಡಿ ಹೂತು, ಹಳೆಯ ಹುಲ್ಲಿನ ಬೇರನ್ನು ಆರಿಸಿ ಸುಟ್ಟು, ಹೊಸ ಬೀಜ ಬಿತ್ತಿದೆವು. ರೋಹಿಣಿ ಮಳೆ ಚೆನ್ನಾಗಿ ಹುಯ್ದಿತು. ಎಂಟೇ ದಿನಕ್ಕೆ ಇಡೀ ಇಳಿಜಾರು ಹಸಿರು, ಒಂದು ಬೀಜವೂ ಹಿಂದುಳಿಯಲಿಲ್ಲ. ಊರವರು ಬಂದು ಬಂದು ನೋಡಿದರು. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಖಾಲಾ ಮಾತ್ರ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿ, "ಒಳಗೆ ಏನೂ ಉಳಿದಿಲ್ವಲ್ಲಾ" ಎಂದಳು.

ಆಮೇಲೆ ಆಷಾಢದ ಗಾಳಿ ಶುರುವಾಯಿತು. ನಮ್ಮ ಕಡೆ ಪ್ರತಿ ವರ್ಷ ಬೀಸುವ ಒಣಗಾಳಿಯೇ ಅದು, ಹೊಸದೇನಲ್ಲ. ಐದು ವಾರ ಹನಿ ಬೀಳಲಿಲ್ಲ. ಅದೂ ಹೊಸದಲ್ಲ. ಮಲೆನಾಡಿನ ಹುಲ್ಲಿಗೆ ಮಾತ್ರ ಹೊಸದು... ಹಳದಿಯಾಯಿತು, ಮಲಗಿತು, ಮುಟ್ಟಿದರೆ ಪುಡಿಯಾಯಿತು. ಶ್ರಾವಣ ಕಳೆದು ನಿಜವಾದ ಮಳೆ ಬಂದಾಗ ಆ ಇಳಿಜಾರಿನಲ್ಲಿ ಏಳುವುದಕ್ಕೆ ಏನೂ ಇರಲಿಲ್ಲ. ಬೇಲಿಯಾಚೆ ಉಳದೆ ಬಿಟ್ಟಿದ್ದ ಮಾರಗಲ ಜಾಗದಲ್ಲಿ ಮಾತ್ರ ಗಿಡ್ಡ ಹುಲ್ಲು ತಣ್ಣಗೆ ತಲೆಯೆತ್ತಿತು.

ಖಾಲಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮರುದಿನ ಪೊರಕೆ, ಗೋಣಿಚೀಲ ಹಿಡಿದು ಮಾಲೂರಿಗೆ ಹೋದಳು. ಜಟಕಾ ನಿಲ್ಲುವ ಜಾಗ, ಕುದುರೆಗಳ ಲಾಯ, ಅವುಗಳ ಮೂಲೆ ಮೂಲೆ ಗುಡಿಸಿದಳು. ಹಿಂದಿನ ವರ್ಷ ಅವಳೇ ತಂದುಹಾಕಿದ್ದ ಹುಲ್ಲಿನ ಧೂಳಿನಲ್ಲಿ, ಲದ್ದಿಯಲ್ಲಿ, ಸಿಕ್ಕಿಕೊಂಡಿದ್ದ ಬೀಜ ಅವಳಿಗೆ ಬೇಕಾಗಿತ್ತು. ಭಾನುವಾರಗಳಲ್ಲಿ ನಾನೂ ಹೋದೆ. ಪಂಚೆ ಎತ್ತಿಕಟ್ಟಿ ಲದ್ದಿ ಕೆದಕುತ್ತಿದ್ದ ಮೇಷ್ಟ್ರನ್ನು ಕಂಡು ಜಟಕಾದವರು ನಕ್ಕರು. ನನಗೆ ಆ ನಗು ಬೇಕಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಮೂರು ಚೀಲ ಕಸ ಕೂಡಿತು. ಅದನ್ನೆಲ್ಲ ಇಳಿಜಾರಿಗೆ ಚೆಲ್ಲಿದೆವು.

ಮುಂದಿನ ವರ್ಷ ಅಲ್ಲೊಂದು ಇಲ್ಲೊಂದು ಎಸಳು ಎದ್ದಿತು. ಕೊಯ್ದರೆ ಒಂದು ಹೊರೆಯೂ ಆಗದಷ್ಟು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಖಾಲಾಳ ಮುಖದಲ್ಲಿ ಸಮಾಧಾನ. "ಎಲ್ಲಾ ಎದ್ದಿಲ್ಲ ನೋಡಿ, ಒಳ್ಳೇದಾಯ್ತು. ಬರ್ತದೆ" ಎಂದಳು. ಆದರೆ ಜಟಕಾದವರು ಅಷ್ಟರಲ್ಲಿ ಬೇರೆ ಕಡೆಯಿಂದ ಹುಲ್ಲು ತರಿಸಿಕೊಳ್ಳುತ್ತಿದ್ದರು. ನಾನು ರಾಗಿ ಕೊಡಲು ಹೋದರೆ ಖಾಲಾ ಚೀಲವನ್ನು ಬಾಗಿಲಲ್ಲೇ ಹಿಂದಕ್ಕೆ ಸರಿಸಿದಳು. ಆ ಬೇಸಿಗೆಯಲ್ಲಿ ಗುಡಿಸಲಿಗೆ ಬೀಗ ಹಾಕಿ ಶ್ರೀನಿವಾಸಪುರದ ತಂಗಿಯ ಮನೆಗೆ ಹೊರಟುಹೋದಳು.

ಮೂರನೆಯ ವರ್ಷ ಹಿಂಗಾರು ಮುಗಿಯುವ ಹೊತ್ತಿಗೆ ಇಳಿಜಾರಿನ ತುಂಬ ಹುಲ್ಲು. ಗಿಡ್ಡ, ಕೆಂಚು, ಒತ್ತೊತ್ತಾಗಿ, ಮೊದಲಿನ ಹಾಗೆಯೇ. ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಕುಡುಗೋಲು ಕೇಳಿ ತಂದು, ಕೈ ಕುಯ್ದುಕೊಂಡು, ಒಂದು ಕಟ್ಟು ಕೊಯ್ದು ಕೋಲಾರದ ಮೇಲೆ ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಹೋದೆ. ತಪ್ಪು ನನ್ನದು, ನಿನ್ನ ಅನ್ನ ಕಿತ್ತುಕೊಂಡೆ, ಕ್ಷಮಿಸು ಖಾಲಾ, ವಾಪಸ್ಸು ಬಾ... ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಖಾಲಾ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಇಳಿದುಹೋಗಿದ್ದಳು. ಕಟ್ಟು ಕಂಡದ್ದೇ ಎದ್ದು ಬಂದು, ಎರಡೂ ಕೈಯಲ್ಲಿ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ತೆನೆ ನೋಡಿದಳು.

"ಅರೆ ಮೇಷ್ಟ್ರೇ! ಬೀಜ ಉದುರೋಕ್ ಮುಂಚೇನೇ ಕೊಯ್ದುಬಿಟ್ರಾ?"

ನನ್ನ ಬಾಯಿಪಾಠ ಅಲ್ಲೇ ನಿಂತುಹೋಯಿತು. ಅವಳು ತಂಗಿಯಿಂದ ಒಂದು ಮೊರ ತರಿಸಿ, ಕಟ್ಟನ್ನು ಮೆಲ್ಲಗೆ ಬಡಿದು, ಉದುರಿದ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, "ಗೋಮಾಳಕ್ಕೇ ಚೆಲ್ಲಿಬಿಡಿ" ಎಂದು ನನ್ನ ಕೈಗಿಟ್ಟಳು. ಇನ್ನು ಯಾವಾಗ ಬರುತ್ತೀ ಎಂದು ಹೇಗೋ ಕೇಳಿದೆ.

"ಬರಲ್ಲ ಮೇಷ್ಟ್ರೇ. ಹೊರೆ ಹೊರೋ ಕತ್ತು ಹೋಯ್ತು. ಹುಲ್ಲು ಮೂರು ವರ್ಷ ಕಾಯ್ತದೆ. ಹೊಟ್ಟೆ ಕಾಯ್ತದಾ?"

ಚಹಾ ಕೊಟ್ಟಳು, ಕುಡಿದೆ. ಬಸ್ಸಿಗೆ ಹೊತ್ತಾಯಿತು, ಎದ್ದೆ. ಮರುದಿನವೇ ಗಂಟು ಬಿಚ್ಚಿ ಬೀಜವನ್ನು ಗೋಮಾಳಕ್ಕೆ ಚೆಲ್ಲಿದೆ. ಅವಳು ಹೇಳಿದಂತೆ ನಾನು ಮಾಡಿದ್ದು ಅದೊಂದೇ. ಮರುವರ್ಷ ನನಗೆ ಮುಳಬಾಗಿಲಿಗೆ ವರ್ಗವಾಯಿತು. ಅಲ್ಲಿಂದ ಶ್ರೀನಿವಾಸಪುರ ದೂರವೇನಲ್ಲ. ಹೋಗಬೇಕು, ಹೇಳಬೇಕು ಎನ್ನುತ್ತಲೇ ಇದ್ದೆ... ಖಾಲಾ ತೀರಿಕೊಂಡ ಸುದ್ದಿ ಮಾಲೂರಿನ ಜಟಕಾದವನೊಬ್ಬನಿಂದ ತಿಳಿಯುವ ಹೊತ್ತಿಗೆ ಅವಳು ಹೋಗಿ ಆರು ತಿಂಗಳು ಕಳೆದಿತ್ತು.

ಈಗ ನನಗೆ ಆಗಿನ ಅವಳಿಗಿಂತ ಹೆಚ್ಚು ವಯಸ್ಸಾಗಿದೆ. ಎಷ್ಟೋ ಮಕ್ಕಳಿಗೆ ತಪ್ಪು ತಿದ್ದಿ ಬರೆಯಿರಿ ಎಂದು ಹೇಳಿದವನು ನಾನು. ಆ ದಿನ ಜಗಲಿಯಲ್ಲಿ ಹೇಳಬೇಕಾಗಿದ್ದದ್ದು ಎರಡೇ ಮಾತು. ಅವಳು ಅದಕ್ಕೆ ಕಾಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಹೇಳಲಿಲ್ಲ.